ಕನ್ನಡಿ ಅರಮನೆಯ ತೊಗಲುರಾಣಿ

“ಕಣ್ಣೊಂದ ಬುಟ್ಟು ಇನ್ನೇನ್ ಬೇಕಾದ್ರೂ ಮಾಡ್ಕಳಿ ಅಮ್ಮಾವ್ರೇ. ಒರ್ಸಿ, ಎಣ್ಣೆ ಅಚ್ಚಿ, ಬಿಸ್ಲಿಗೆ ಆಕಿ. ಕಣ್ಣ ಮಾತ್ರ ತೆಗೀಬ್ಯಾಡಿ.”

ಕಾವಲುಗಾರ ಕೆಂಪಸಿದ್ದಯ್ಯ ಹೊಸ್ತಿಲಿನಾಚೆಯೇ ನಿಂತು ಹೇಳಿದ. ಒಳಗೆ ಕಾಲಿಡಲಿಲ್ಲ. ಮೀನಾಕ್ಷಿ ತಲೆ ಎತ್ತದೆ ನಕ್ಕಳು. ಅವಳ ಮುಂದೆ ಚಾಪೆಯ ಮೇಲೆ ಹೆಂಗಸಿನ ಆಳೆತ್ತರದ ತೊಗಲುಬೊಂಬೆಯೊಂದು ಮಲಗಿತ್ತು.

“ತೆಗೆದರೆ ಏನಾಗುತ್ತೆ ಕೆಂಪಸಿದ್ದಯ್ಯ? ಎದ್ದು ಬಂದು ನಿನ್ನ ಹತ್ತಿರ ಬೀಡಿ ಕೇಳುತ್ತಾ?”

“ನಗಬ್ಯಾಡಿ. ಎದುರಿಗೆ ಸಿಕ್ಕಿದೋರ ನೆಳ್ಳ ಈರ್ಕತದೆ ಅಂತ ನಮ್ಮಪ್ಪ ಏಳೋನು. ತೆಗೀಲೇಬೇಕು ಅಂದ್ರೆ ಅದ್ರ ಮೊಕದ ಮುಂದೆ ಒಂದು ಕನ್ನಡಿನಾರ ಇಡಿ. ಮೊದ್ಲು ಅದು ಅದುನ್ನೇ ನೋಡ್ಕಳ್ಳಿ. ಬೊಂಬೆಯೋರು ಅಂಗೇ ಮಾಡಾದು.”

“ಸಿಂಗಾರ ಸರಿಯಾಗಿದೆಯೋ ಇಲ್ಲವೋ ಅಂತ ನೋಡ್ಕೊಳ್ಳೋದಕ್ಕೇನು?”

ಕೆಂಪಸಿದ್ದಯ್ಯ ಬಾಗಿಲ ಚೌಕಟ್ಟನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕೆ, ಶಿಂಷೆಯ ದಂಡೆಯ ಮೇಲಿದ್ದ ಆ ಕಟ್ಟಡವನ್ನು ಸುತ್ತಲ ಹಳ್ಳಿಯವರು ಕನ್ನಡಿ ಅರಮನೆ ಎನ್ನುತ್ತಿದ್ದರು. ಅರಸು ಮನೆತನದ ಕೊನೆಯ ಕುಡಿ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಸರ್ಕಾರ ಅದನ್ನು ವಹಿಸಿಕೊಂಡು ಆ ಸೀಮೆಯ ಕಲೆಯ ಸಂಗ್ರಹಾಲಯ ಮಾಡಿತ್ತು. ತೇಗದ ಕಂಬಗಳ ತುಂಬ ಗಿಳಿ, ಬಳ್ಳಿ, ಯಾಳಿ. ಚಾವಣಿಯ ತುಂಬ ಚಿನ್ನದ ರೇಕು ಮೆತ್ತಿದ ಚಿತ್ರಗಳು. ಬಣ್ಣದ ಗಾಜಿನ ಕಿಟಕಿಗಳಿಂದ ಹಗಲಲ್ಲೂ ಕೆಂಪು, ಹಸಿರು ಬೆಳಕೇ ಒಳಗೆ ಬೀಳುತ್ತಿತ್ತು. ನಡುಮನೆಯ ಗೋಡೆಗಳಲ್ಲಿ ನಿಲುಗನ್ನಡಿಗಳು ಒಂದಕ್ಕೊಂದು ಎದುರಾಗಿ ನಿಂತಿದ್ದವು. ಅವುಗಳ ನಡುವೆ ಹಳ್ಳಿಗಳಿಂದ ತಂದ ಮುಖವಾಡ, ಅರಗಿನ ಬೊಂಬೆ, ಕಂಚಿನ ಗಂಟೆ, ಮಾಸಿದ ಚಿತ್ರಪಟ. ಎಲ್ಲದರ ಮೇಲೂ ಬಾವಲಿಯ ಹಿಕ್ಕೆಯ ಕಮಟು.

ಅದರ ಮೇಲ್ವಿಚಾರಣೆಗೆ ಬಂದವನು ಮೀನಾಕ್ಷಿಯ ಗಂಡ ಭುಜಂಗರಾಯ. ಇಬ್ಬರೂ ಮೈಸೂರಿನಲ್ಲಿ ಒಂದೇ ತರಗತಿಯಲ್ಲಿ ಇತಿಹಾಸ ಓದಿದವರು. ಕೆಲಸ ಅವನಿಗೆ ಸಿಕ್ಕಿತು. ಕೆಲಸದಲ್ಲಿ ಅರ್ಧವನ್ನು ಅವಳು ಮಾಡುತ್ತಿದ್ದಳು. ಯುದ್ಧದ ಕಾಲ; ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಮೂಲೆಯಿಂದ ಮೈಸೂರಿಗೆ ವರ್ಗವಾಗಬೇಕೆಂಬುದು ಭುಜಂಗರಾಯನ ಒಂದೇ ಆಸೆ. ಸಂಕ್ರಾಂತಿ ಕಳೆದ ಮೇಲೆ ಇಲಾಖೆಯ ದೊಡ್ಡ ಅಧಿಕಾರಿ ಸಂಗ್ರಹಾಲಯ ನೋಡಲು ಬರುವವರಿದ್ದರು. ಶಿವನಸಮುದ್ರದ ವಿದ್ಯುತ್ ಕೇಂದ್ರ ಇಷ್ಟು ಹತ್ತಿರವಿದ್ದೂ ಅರಮನೆಗೆ ಕರೆಂಟು ಬಂದದ್ದು ಆಗಷ್ಟೇ. ಬಿಳಿ ಪರದೆ ಕಟ್ಟಿ, ತೊಗಲುರಾಣಿ ಎಂದು ಹೆಸರಾದ ಈ ಬೊಂಬೆಯನ್ನು ಅದಕ್ಕೆ ಮುಂದಿನಿಂದ ಒರಗಿಸಿ, ಹಿಂದಿನಿಂದ ದೀಪ ಹಾಕಿ ತೋರಿಸಬೇಕೆಂದು ಅವನು ಎಣಿಸಿದ್ದ.

ಬೊಂಬೆ ಅಂಥದೇ ಆಗಿತ್ತು. ಜಿಂಕೆಯ ತೊಗಲು. ಸೀರೆಯ ನಿರಿಗೆ ನಿರಿಗೆಗೂ ಕೂದಲೆಳೆಯಷ್ಟು ಸಣ್ಣ ತೂತು. ಜಡೆ ಮಾತ್ರ ನಿಜವಾದ ಕೂದಲಿನದು. ಮುಖ ಬದಿಗೆ ತಿರುಗಿದ್ದರೂ ಕಣ್ಣನ್ನು ನೇರವಾಗಿ ಬರೆದಿದ್ದರು. ಬರೆದಿದ್ದರು ಅಷ್ಟೇ. ಬೆಳಕು ಹಾಯುವ ತೂತನ್ನು ಹೊಡೆದಿರಲಿಲ್ಲ.

ಅದಕ್ಕೆ ಊರಿನವರು ಹೇಳುವ ಕತೆಯೊಂದಿತ್ತು. ಹಿಂದೊಮ್ಮೆ ಕಿರಿಯ ರಾಣಿ ಹಿರಿಯಳನ್ನು ಮುಗಿಸಲು ಈ ಬೊಂಬೆ ಮಾಡಿಸಿದಳಂತೆ. ಗಬ್ಬದ ಜಿಂಕೆ ಕೊಂದು ತೊಗಲು ತಂದರಂತೆ. ಮಲಯಾಳದ ಮಾಂತ್ರಿಕ ಅದನ್ನು ಮಸಣದ ಬೂದಿಯಲ್ಲಿ ಹದ ಮಾಡಿದನಂತೆ. ಜಡೆಗೆ ಹಿರಿಯಳ ಕೂದಲು. ಬೊಂಬೆ ಬಿಡಿಸುವವನಿಗೆ ಕೊನೆಯಲ್ಲಿ ಸಂಗತಿ ತಿಳಿದು, ಕಣ್ಣು ಬಿಡಿಸದೆ ಊರುಬಿಟ್ಟು ಓಡಿಹೋದನಂತೆ.

ಭುಜಂಗರಾಯ ಒಳಬಾಗಿಲಿನಿಂದ ಬಂದ. “ಏನಂತೆ ಅವನದು?”

“ಕಣ್ಣು ತೆಗೆದರೆ ನನ್ನ ನೆರಳು ಕುಡಿಯುತ್ತಂತೆ.”

“ಕುಡೀಲಿ ಬಿಡು. ನೆರಳಿಗೇನು ರೇಷನ್ನೇ?” ಎಂದು ಅವನು ನಕ್ಕ. “ನೀನೇ ಹೊಡಿ. ನನ್ನ ಕೈ ನಡುಗುತ್ತೆ, ತೊಗಲು ಸೀಳಿಹೋದೀತು.”

ಮೀನಾಕ್ಷಿ ತೊಗಲಿನ ಕೆಳಗೆ ಹಲಗೆ ಸರಿಸಿ, ದುಂಡು ಬಾಯಿಯ ಉಳಿಯನ್ನು ಕಣ್ಣಿನ ಮೇಲಿಟ್ಟಳು. ಒಂದು ಏಟು. ತೊಗಲು ಹಸಿ ಮಾಂಸದಂತೆ ಮೆತ್ತಗೆ ತಗ್ಗಿತು. ಇನ್ನೊಂದು ಏಟು. ಪುಟ್ಟ ಬಿಲ್ಲೆಯೊಂದು ಕಳಚಿ ಬಿತ್ತು. ಅವಳು ಬಗ್ಗಿ, ತೂತಿನ ಪುಡಿಯನ್ನು ಉಫ್ ಎಂದು ಊದಿದಳು.

ಊದಿದ ಉಸಿರು ತಣ್ಣಗೆ ತಿರುಗಿ ಬಂತು. ನೆನೆದ ಕೂದಲಿನ ವಾಸನೆ. ಹರಳೆಣ್ಣೆಯ ಕರಕು. ಅವಳು ತಟ್ಟನೆ ತಲೆ ಎತ್ತಿದಳು. ಸುತ್ತಲ ಕನ್ನಡಿಗಳಲ್ಲೆಲ್ಲ ಅವಳು ತಲೆ ಎತ್ತಿದಳು. ಒಂದರಲ್ಲಿ ಮಾತ್ರ ತಡವಾಗಿ ಎತ್ತಿದಳು.

ಬಾಗಿಲ ಬಳಿ ಕೆಂಪಸಿದ್ದಯ್ಯ ಇರಲಿಲ್ಲ.

ನೆರಳು ಹೋದದ್ದು ಒಮ್ಮೆಗೇ ಅಲ್ಲ. ಮೊದಲ ಸಲ ಅಂಗಳದಲ್ಲಿ ಬಟ್ಟೆ ಹರವುವಾಗ ಕಂಡಿತು. ಗಂಡನ ನೆರಳು ಕಲ್ಲುಚಪ್ಪಡಿಯ ಮೇಲೆ ಮಸಿ ಚೆಲ್ಲಿದಂತೆ ಬಿದ್ದಿತ್ತು. ಪಕ್ಕದಲ್ಲಿ ಅವಳದು ಒಗೆದು ಒಗೆದು ಮಾಸಿದ ಕಲೆಯ ಹಾಗೆ. ಮೋಡವಿರಬೇಕು ಎಂದುಕೊಂಡಳು. ಆಕಾಶದಲ್ಲಿ ಮೋಡವಿರಲಿಲ್ಲ.

ಆಮೇಲೆ ಮೈ ಒಣಗತೊಡಗಿತು. ತುಟಿ ಸಿಪ್ಪೆಯೆದ್ದಿತು. ಮೊಣಕೈ ಮಡಿಸಿದರೆ ಸಣ್ಣಗೆ ಚರಚರ ಸದ್ದು. ಅನ್ನ ನಾಲಿಗೆಗೆ ತೊಗಲಿನ ಚೂರಿನಂತೆ ಹತ್ತುತ್ತಿತ್ತು. ಕಿಟಕಿಯ ಬಿಸಿಲಿಗೆ ಅಂಗೈ ಒಡ್ಡಿದಳು: ಬೆಳಕು ಬೆರಳುಗಳ ಸಂದಿಯಿಂದಲ್ಲ, ಅಂಗೈಯೊಳಗಿಂದಲೇ ಹಾಯ್ದು ಬಂತು. ಕೆಂಪಗೆ. ಪರದೆಯ ಹಿಂದಿನ ದೀಪದ ಹಾಗೆ.

ಮಳವಳ್ಳಿಯಿಂದ ಬಂದ ಡಾಕ್ಟರು ಕಣ್ಣ ರೆಪ್ಪೆ ಇಳಿಸಿ ನೋಡಿ, ರಕ್ತ ಕಡಿಮೆ ಎಂದು ಟಾನಿಕ್ಕು ಬರೆದುಕೊಟ್ಟರು. ಭುಜಂಗರಾಯ ಸಮಾಧಾನದಿಂದ ಟಾನಿಕ್ಕು ತರಿಸಿದ.

ಅತ್ತ ಬೊಂಬೆ ತುಂಬಿಕೊಳ್ಳುತ್ತಿತ್ತು. ಮಂಕಾಗಿದ್ದ ಕೆನ್ನೆಯ ಕೆಂಪು ನೆನೆದಂತೆ ಹೊಳೆಯುತ್ತಿತ್ತು. ಗಾಳಿಯಿಲ್ಲದ ಮಟಮಟ ಮಧ್ಯಾಹ್ನ ನಡುಮನೆಯಿಂದ ತೊಗಲು ಪಟಪಟಿಸುವ ಸದ್ದು ಬರುತ್ತಿತ್ತು, ಯಾರೋ ಮೈ ಮುರಿದ ಹಾಗೆ. ಒಂದು ದಿನ ಮೀನಾಕ್ಷಿ ಧೈರ್ಯ ಮಾಡಿ ಹತ್ತಿರ ಹೋದಳು. ಅವಳ ಗಲ್ಲದ ಕೆಳಗೊಂದು ಮಚ್ಚೆಯಿತ್ತು. ಬೊಂಬೆಯ ಗಲ್ಲದ ಕೆಳಗೆ, ಅದೇ ಜಾಗದಲ್ಲಿ, ಯಾರೂ ಹೊಡೆಯದ ತೂತೊಂದು ಮೂಡಿತ್ತು.

ಅವಳು ತಾನಾಗಿ ಕೆಂಪಸಿದ್ದಯ್ಯನನ್ನು ಕರೆದಳು. ಅವನು ಅವಳ ಕಾಲ ಬುಡದ ನೆಲ ನೋಡಿದ. ನೋಡಿದವನೇ ಹಲಗೂರಿನ ಕಡೆ ಹೊರಟ.

ಕರೆತಂದದ್ದು ಪಟ್ಟಲಮ್ಮನನ್ನು. ಹಲಗೂರಿನಾಚೆ ಬೀಡುಬಿಟ್ಟಿದ್ದ ಬೊಂಬೆಯಾಡಿಸುವವರ ಪೈಕಿ ಅವಳು. ಬಾಯಿತುಂಬ ಎಲೆಯಡಿಕೆ, ಸೊಂಟದಲ್ಲಿ ಚೂರಿ. ಬಂದವಳೇ ಬೊಂಬೆಗೆ ಬೆನ್ನು ಮಾಡಿ ನಿಂತಳು.

“ಯಾರ್ಲಾ ಸಿದ್ದ, ಕಣ್ಣು ತೆಗೆದೋರು? ಈವಮ್ಮನಾ?” ಮೀನಾಕ್ಷಿಯನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲ ಕಣಮ್ಮ, ಇಷ್ಟು ಕನ್ನಡಿ ಮಡೀಕಂಡಿರೋ ಮನೇಲಿ ಕುಂತ್ಕಂಡು ಅದುಕ್ಕೊಂದು ಕನ್ನಡಿ ಸಿಗ್ನಿಲ್ವಾ ನಿಂಗೆ?”

“ಸುಟ್ಟುಬಿಡೋಣ.”

“ಸುಡು. ನೀನುವೇ ಸುಟ್ಟೋಯ್ತೀಯ. ಅರ್ಧ ನೀನೀಗ ಅದ್ರೊಳಗೆ ಇದ್ದೀಯ.”

“ಮತ್ತೇನು ಮಾಡಲಿ?”

ಪಟ್ಟಲಮ್ಮ ಮಡಿಲಿನಿಂದ ಆಡಿನ ಕರುಳಿನ ಹಸಿ ನರ ತೆಗೆದಳು. ಮುಖಕ್ಕೆ ಸೆರಗು ಸುತ್ತಿಕೊಂಡು, ಬೊಂಬೆಯ ಹಿಂದಿನಿಂದ ಕೈ ಹಾಕಿ, ತಡವಿ ತಡವಿ ಆ ಕಣ್ಣನ್ನು ಹೊಲಿದಳು. ಸೂಜಿ ಒಳಹೊಕ್ಕಾಗಲೆಲ್ಲ ಮೀನಾಕ್ಷಿಯ ಕಣ್ಣಿನಲ್ಲಿ ನೀರು ಚಿಮ್ಮಿತು.

“ಈ ನರ ಒಣಗೋಗಂಟ ಅದು ಮಲಗಿರ್ತದೆ. ಒಣಗಿ ಕಿತ್ಕತ್ತೋ, ಉಳಿದಿರಾ ನೆಳ್ಳುನ್ನೂ ಈರ್ಕತದೆ. ಆಗ ನೀನಿಲ್ಲ. ಅಷ್ಟರೊಳಗೆ ಬ್ಯಾರೆ ಯಾರಾರ ತಾವಾಗೇ ಈ ನರ ಕಿತ್ತು ಅದ್ರ ಮುಂದೆ ನಿಂತ್ರೆ ನಿನ್ ನೆಳ್ಳು ನಿಂಗೆ ಬತ್ತದೆ. ಅವರ್ದು ಓಯ್ತದೆ. ಬಲವಂತ ಮಾಡಂಗಿಲ್ಲ, ಕೈ ಇಡ್ದು ಕೀಳ್ಸಂಗಿಲ್ಲ.”

“ನನಗೋಸ್ಕರ ಯಾರು ಸಾಯ್ತಾರೆ?”

“ಸಾಯಾಕೆ ಯಾರೇಳಿದ್ರು? ಅವ್ರುದು ಅರ್ಧ ಓದಾಗ ನನ್ನ ಕರ್ಸಿದ್ರೆ, ನಿಂದ್ರಲ್ಲೂ ಅರ್ಧ ಅದುಕ್ಕೆ ಕೊಟ್ಟು, ಕಿತ್ತೋಗದಂಗೆ ಗಟ್ಟಿ ನರ ಆಕಿ ಒಲೀತೀನಿ. ಅವ್ರಿಗೆ ಅರ್ಧ, ನಿಂಗೆ ಅರ್ಧ. ಬಡಕಲಾಗಿ ಇಬ್ರೂ ಬದಿಕ್ಕತೀರಿ. ಗಂಡ ಅವ್ನಲ್ಲವ್ವ ನಿಂಗೆ? ಅಂಚ್ಕಳಿ.” ಎಲೆಯಡಿಕೆ ಉಗಿದು ಹೊರಟವಳು ಬಾಗಿಲಲ್ಲಿ ನಿಂತಳು. “ಗಂಡಂದ್ರು ಅಂಚ್ಕಳಾದು ನಾನಂತೂ ಕಂಡಿಲ್ಲ.”

ಸಂಜೆ ಭುಜಂಗರಾಯ ಕಚೇರಿಯ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಕೊನೆಯವರೆಗೂ ಕೇಳಿದ.

“ಬಿ.ಎ. ಮಾಡಿದವಳು ನೀನು. ಇದನ್ನೆಲ್ಲ ನಂಬ್ತೀಯಾ?”

“ನೀವು ನಂಬೋದು ಬೇಡ. ನಿಂತರೆ ಸಾಕು.”

“ಮೂಢನಂಬಿಕೆಗೆ ನಾನು ಕುಣೀಬೇಕೇ?”

“ಮೂಢನಂಬಿಕೆಯಾದರೆ ನಿಮಗೇನೂ ಆಗೋಲ್ಲವಲ್ಲ. ದಾರ ಕಿತ್ತು ಒಂದು ಗಳಿಗೆ ನಿಲ್ಲಿ. ಕಾಯಿಲೆಯವಳ ಸಮಾಧಾನಕ್ಕೆ ಅಂದುಕೊಳ್ಳಿ.”

ಅವನು ಎದ್ದ. ಪರವಾಗಿಲ್ಲ, ಇಷ್ಟೇ ತಾನೆ ಎಂಬಂತೆ ಧೋತ್ರದ ಅಂಚು ಕೊಡವಿಕೊಂಡು ನಡುಮನೆಯ ಕಡೆ ನಡೆದ. ಅವಳು ಹಿಂದೆಯೇ ಹೋದಳು. ಹೊಸ್ತಿಲವರೆಗೆ ಅವನ ಹೆಜ್ಜೆ ಸರಾಗವಾಗಿತ್ತು. ಹೊಸ್ತಿಲಿನಲ್ಲಿ ನಿಂತಿತು. ಒಳಗೆ ಸಂಜೆಯ ಕೆಂಪು ಗಾಜಿನ ಬೆಳಕು ಬೊಂಬೆಯ ಮೇಲೆ ಬಿದ್ದಿತ್ತು. ಹೊಲಿದ ಕಣ್ಣು ಉಬ್ಬಿಕೊಂಡಿತ್ತು.

ಅವನು ತಿರುಗಿದ. “ದೊಡ್ಡವರು ಬಂದು ಹೋಗಲಿ ಮೀನಾಕ್ಷಿ. ಆಮೇಲೆ ನೋಡೋಣ. ಈಗ ನನಗೆ ಏನಾದರೂ ಆದರೆ ಎಲ್ಲಾ ಕೆಟ್ಟುಹೋಗುತ್ತೆ.”

“ಏನಾದರೂ ಆದರೆ,” ಎಂದಳು ಅವಳು.

ಆಡಿದ ಮಾತು ಅವನಿಗೂ ಕೇಳಿಸಿತು. ಮುಖ ಕಪ್ಪಿಟ್ಟಿತು. ಟಾನಿಕ್ಕು ತಪ್ಪದೆ ಕುಡಿಯಬೇಕೆಂದು ಹೇಳಿ ಹೊರಟುಹೋದ. ಅಂದಿನಿಂದ ಹಾಸಿಗೆಯನ್ನು ಕಚೇರಿ ಕೋಣೆಗೆ ಸಾಗಿಸಿಕೊಂಡ. ಕೆಲಸ ಜಾಸ್ತಿ ಎಂದ. ಅವಳ ಪಕ್ಕದಲ್ಲಿ ಮಲಗಲು ಅವನಿಗೆ ಹೆದರಿಕೆ ಎಂದು ಅವಳಿಗೆ ತಿಳಿಯಿತು. ತಿಳಿದ ಮೇಲೆ ಒಳಗೆ ಏನೋ ಒಂದು ನಿಂತುಹೋಯಿತು. ಅತ್ತರೆ ಬರಬೇಕಾದ ನೀರು ಕೂಡ ಬರಲಿಲ್ಲ.

ನರ ಒಣಗುತ್ತಿತ್ತು. ಮಲಗಿದಲ್ಲಿಗೇ ಕೇಳುತ್ತಿತ್ತು, ಬಿಗಿಯುವ ಸದ್ದು. ಕಿರ್ರ್. ಒಂದು ಎಳೆ ಕಿತ್ತುಹೋದ ದಿನ ಅವಳಿಗೆ ಎಡಗೈ ಎತ್ತಲಾಗಲಿಲ್ಲ.

ದೊಡ್ಡ ಅಧಿಕಾರಿ ಬಂದದ್ದು ಬಿಸಿಲೇರಿದ ಹೊತ್ತಿಗೆ. ಕಾರು, ಗುಮಾಸ್ತರು, ಮಳವಳ್ಳಿಯ ನಾಲ್ಕು ಮಂದಿ ಗಣ್ಯರು. ಮೀನಾಕ್ಷಿ ತುಂಬು ತೋಳಿನ ರವಿಕೆ ತೊಟ್ಟು, ಸೆರಗು ಹೊದ್ದು, ಕಂಬಕ್ಕೆ ಒರಗಿ ನಿಂತಳು. ಕುಂಕುಮ, ಅರಿಶಿನ ಎಲ್ಲವೂ ಇತ್ತು. ನೆರಳು ಮಾತ್ರ ಇದ್ದೂ ಇಲ್ಲದಷ್ಟು ತೆಳುವಾಗಿತ್ತು. ಯಾರೂ ನೋಡಲಿಲ್ಲ; ಮನೆಯೊಡತಿಯ ಕಾಲ ಬುಡ ಯಾರು ನೋಡುತ್ತಾರೆ?

ಅಧಿಕಾರಿ ಮುಖವಾಡಗಳನ್ನು ಮೆಚ್ಚಿದರು. ಕಂಚನ್ನು ಮೆಚ್ಚಿದರು. ಕೊನೆಗೆ ಬಾಗಿಲುಗಳನ್ನು ಮುಚ್ಚಿಸಿ, ಪರದೆಯ ಹಿಂದಿನ ಬಲ್ಬು ಹೊತ್ತಿಸಲಾಯಿತು. ಕತ್ತಲೊಳಗಿಂದ ತೊಗಲುರಾಣಿ ಎದ್ದು ನಿಂತಳು. ನಿರಿಗೆಗಳಲ್ಲಿ ಸಾವಿರ ಕಿಡಿ. ಹಾರ, ತೋಳಬಂದಿ, ಬಳ್ಳಿಯಂಥ ಜಡೆ. ಎಲ್ಲರೂ ಆಹಾ ಎಂದರು. ಮುಖದಲ್ಲಿ ಮಾತ್ರ ಒಂದು ಕಪ್ಪು ಗಂಟು.

“ಇದೇನು ಭುಜಂಗರಾವ್? ರಾಣಿಯವರ ಕಣ್ಣಿಗೆ ಹೊಲಿಗೆ?”

ಬಾಗಿಲ ಬಳಿಯಿಂದ ಕೆಂಪಸಿದ್ದಯ್ಯನ ದನಿ ಬಂತು: “ಅದು ಮಾಟದ್ದು ಬುದ್ಧಿ. ಬಿಚ್ಚಂಗಿಲ್ಲ.”

ಅಧಿಕಾರಿ ಜೋರಾಗಿ ನಕ್ಕರು. “ಸರಿಹೋಯ್ತು! ಇಲಾಖೆಯವರೇ ಹೀಗೆ ಹೆದರಿ ಹೊಲಿದು ಕೂತರೆ ನಾವು ಮ್ಯೂಜಿಯಂ ಯಾಕೆ ಮಾಡಬೇಕು, ಗುಡಿ ಕಟ್ಟಿ ಮಂಗಳಾರತಿ ಎತ್ತೋಣ. ನೀವೂ ತಾಯಿತ ಗೀಯಿತ ಕಟ್ಟಿಕೊಂಡಿದ್ದೀರೇನ್ರೀ? ತೋಳು ತೋರಿಸಿ.”

ಗುಮಾಸ್ತರು ನಕ್ಕರು. ಗಣ್ಯರು ನಕ್ಕರು. ಭುಜಂಗರಾಯನ ಕಿವಿ ಕೆಂಪಾಯಿತು.

“ಹಾಗೇನೂ ಇಲ್ಲ ಸಾರ್. ಕೂಲಿಯವರ ಕೆಲಸ. ಈಗಲೇ ತೆಗೀತೀನಿ.”

ಅವನು ಮುಂದೆ ನಡೆದ. ಹೆಂಡತಿ ಬೇಡಿದಾಗ ಏಳದ ಕಾಲು ಈಗ ಎದ್ದಿತು. ಹೊಲಿಗೆಯ ತುದಿಗೆ ಬೆರಳು ಹಾಕಿದ. ಹಾಕಿ, ನಿಂತ. ಕತ್ತು ತಿರುಗಿಸಿ ಅವಳನ್ನು ನೋಡಿದ.

ಮೀನಾಕ್ಷಿಗೆ ಆ ನೋಟ ಅರ್ಥವಾಯಿತು. ಒಂದು ಮಾತು ಹೇಳು ಎನ್ನುತ್ತಿದ್ದ. ತಲೆ ತಿರುಗಿ ಬೀಳು. ಚೀರು. ಕಾಯಿಲೆಯ ಹೆಂಡತಿಯ ನೆವ ಸಿಕ್ಕರೆ ಸಾಕು, ಮಾನವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಎರಡೇ ಅಕ್ಷರ.

ಅವಳು ಬಾಯಿ ತೆರೆದಳು. ಗಂಟಲಲ್ಲಿ ಸದ್ದಿತ್ತು. ಅದನ್ನು ನುಂಗಿದಳು.

ಅವನು ಎಳೆದ.

ನರ ಕಿತ್ತುಬಂತು. ಕಣ್ಣು ತೆರೆಯಿತು. ಬೆಳಕಿನ ಸಲಾಕೆಯೊಂದು ಅದರಿಂದ ನೆಟ್ಟಗೆ ಹೊರಬಿದ್ದು ಅವನ ಹಣೆಯ ಮೇಲೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. ನೆನೆದ ಕೂದಲಿನ ವಾಸನೆ. ಬಲ್ಬು ಮಿಣುಕಿತು. ಕನ್ನಡಿಗಳಲ್ಲೆಲ್ಲ ಅವನು ಹಿಂದೆ ಸರಿದ. ಒಂದರಲ್ಲಿ ಸರಿಯಲಿಲ್ಲ. ಮೀನಾಕ್ಷಿಯ ಪಾದಕ್ಕೆ ಏನೋ ತಣ್ಣಗೆ ತಗುಲಿತು. ನೀರು ಎಂದುಕೊಂಡಳು. ನೀರಲ್ಲ. ಕಪ್ಪಗೆ ಏರುತ್ತಿತ್ತು. ಬೆರಳು. ಹಿಮ್ಮಡಿ. ಸೊಂಟ. ಒಂದೇ ಉಸಿರಿಗೆ ಎದೆಯೊಳಗೆ ಗಾಳಿ ನುಗ್ಗಿತು. ಅವಳು ಕಂಬ ಹಿಡಿದು ಕುಸಿದಳು. ಚಪ್ಪಡಿಯ ಮೇಲೆ ಅವಳ ನೆರಳೂ ಕುಸಿಯಿತು.

ಅಧಿಕಾರಿ ಭುಜಂಗರಾಯನ ಬೆನ್ನು ತಟ್ಟಿದರು. ಮೈಸೂರಿನ ವರ್ಗದ ಮಾತು ತಾವೇ ಆಡುವುದಾಗಿ ಹೇಳಿ ಕಾರು ಹತ್ತಿದರು.

ಅವಳನ್ನು ತಿನ್ನುವಾಗ ಬೊಂಬೆ ನಿಧಾನವಾಗಿ ತಿಂದಿತ್ತು. ಈಗ ಅದು ಹಸಿದಿತ್ತು. ವರ್ಗದ ಆರ್ಡರು ಬರುವ ಹೊತ್ತಿಗೆ ಭುಜಂಗರಾಯ ಮಂಚ ಬಿಟ್ಟು ಏಳಲಾರದವನಾಗಿದ್ದ. ಕಿಟಕಿಯ ಬೆಳಕು ಮೈಮೇಲೆ ಬಿದ್ದರೆ ಹಾಯ್ದು ಹಾಸಿಗೆಯ ಮೇಲೆ ಬೀಳುತ್ತಿತ್ತು. ಬೆಳಕು ಉರಿಯುತ್ತದೆ ಎಂದು ನರಳುತ್ತಿದ್ದ. ಮೀನಾಕ್ಷಿ ಹೊತ್ತು ಹೊತ್ತಿಗೆ ಟಾನಿಕ್ಕು ಕುಡಿಸುತ್ತಿದ್ದಳು.

ಕೆಂಪಸಿದ್ದಯ್ಯ ಬಾಗಿಲಿಗೆ ಬಂದು ಕೇಳಿದ: “ಪಟ್ಟಲಮ್ಮನ್ನ ಕರ್ಕಬತ್ತೀನಿ ಅಮ್ಮಾವ್ರೇ. ಇನ್ನೂ ಅರ್ಧ ಉಳದದೆ. ಒಲಿದ್ಬುಟ್ರೆ...”

“ಡಾಕ್ಟರು ರಕ್ತ ಕಡಿಮೆ ಅಂದಿದ್ದಾರೆ,” ಎಂದಳು.

ಅವನು ಅವಳ ಮುಖ ನೋಡಿದ. ಮತ್ತೆ ಬರಲಿಲ್ಲ.

ಕೊನೆಯ ದಿನ ಭುಜಂಗರಾಯನ ದನಿ ಒಣ ತೊಗಲು ಸರಿದಾಡಿದ ಹಾಗಿತ್ತು. ಕಿವಿ ಹತ್ತಿರ ತಂದರೆ ಮಾತ್ರ ತಿಳಿಯುತ್ತಿತ್ತು. “ನೀನು... ಹೋಗಿ ಅದರ ಮುಂದೆ ನಿಲ್ಲು. ಅರ್ಧ ಸಾಕು. ನನ್ನ ಹೆಂಡತಿಯಲ್ಲವೇ ನೀನು?”

ಅವಳು ಮಂಚದ ಸುತ್ತ ಹೋಗಿ, ಕಿಟಕಿಗೆ ಬೆನ್ನು ಕೊಟ್ಟು ಕುಳಿತಳು. ಅವಳ ನೆರಳು ಅವನ ಮುಖದ ಮೇಲೆ ಬಿತ್ತು. ದಟ್ಟಗೆ, ತಣ್ಣಗೆ. ಅವನ ನರಳಾಟ ತಗ್ಗಿತು. ಅಷ್ಟನ್ನು ಮಾತ್ರ ಅವಳು ಕೊಟ್ಟಳು. ಅವನ ಉಸಿರು ನಿಲ್ಲುವ ತನಕ ಅಲುಗಾಡದೆ ಕುಳಿತಿದ್ದಳು.